ಕಡತ ಮತ್ತು ಅದರ ಹೆಸರು: ಯೂನಿಕ್ಸ್ ವ್ಯವಸ್ಥೆಗಳ ಕೆಲವು ತೊಡಕುಗಳ ವಿವೇಚನೆ

ಯೂನಿಕ್ಸ್ ಮತ್ತು ಅದರ ಮಾದರಿಯನ್ನು ಅನುಸರಿಸಿ ಬಂದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಕೆಲಸ ಮಾಡತಕ್ಕವರಿಗೆ ಎದುರಾಗುವ ತೊಡಕುಗಳು ಹಲವು. ಅವುಗಳಲ್ಲಿ ಕೆಲವು, ಕೇಳಿದೊಡನೆಯೇ, ನಂಬಲಾಗದಂಥವಾಗಿ ತೋರುತ್ತವೆ. ಭಾರಿಯಾದ ಕಡತವೊಂದನ್ನು ಅಳಿಸಿದ್ದಾಯಿತು. ಆದರೂ ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗ ತೆರವಾಗಲಿಲ್ಲ. ಡಿಸ್ಕಿನ ಅರ್ಧಭಾಗ ಖಾಲಿಯಿದೆ. ಆದರೂ ಹೊಸ ಕಡತವನ್ನು ಬರೆಯಹೋದರೆ ಜಾಗವಿಲ್ಲವೆಂಬ ಉತ್ತರ ಬರುತ್ತದೆ. ಒಬ್ಬರು ತಮ್ಮ ಕಡತದಲ್ಲಿ ಅನ್ಯರು ಒಂದಕ್ಷರವನ್ನೂ ತಿದ್ದದಂತೆ ಬಂದೋಬಸ್ತು ಮಾಡಿದ್ದಾರೆ. ಇನ್ನೊಬ್ಬರು ಅದನ್ನು ಸಲೀಸಾಗಿ ಅಳಿಸಿಹಾಕುತ್ತಾರೆ. ‘ಕೋಲಾರ’ ಎಂಬ ಹೆಸರಿನ ಕಡತ ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದೆ. ಅದೇ ಹೆಸರನ್ನು ಬೆರಳಚ್ಚಿಸಿ ಕೇಳಿದರೆ ಅಂಥ ಕಡತವೇ ಇಲ್ಲವೆಂದು ಯಂತ್ರ ಹೇಳುತ್ತದೆ.

ಈ ತೊಡಕುಗಳಲ್ಲಿ ಒಂದೊಂದಕ್ಕೂ ಒಂದೊಂದು ಮದ್ದು ಬಳಕೆಯಲ್ಲಿದೆ. ಅಂಥ ಮದ್ದುಗಳನ್ನು ಕಂಠಪಾಠ ಮಾಡಿಕೊಂಡವರು ಬಹುಮಂದಿ. ಮದ್ದು ಹೇಗೆ ಫಲಿಸುತ್ತದೆಂದು ವಿಚಾರಿಸಿದವರು ಕಡಮೆ. ಯಾವುದೂ ಫಲಿಸದಿದ್ದಾಗ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸುವುದು ಎಲ್ಲರಿಗೂ ತಿಳಿದ ಕೊನೆಯ ಉಪಾಯ. ಆದರೆ, ಮುಂದೆ ಕಂಡುಬರುವಂತೆ, ಈ ಕೊನೆಯ ಉಪಾಯವೇ ಕೆಲವು ಸಂದರ್ಭಗಳಲ್ಲಿ ಉಳಿಸಿಕೊಳ್ಳಬಹುದಾಗಿದ್ದ ತಿಂಗಳುಗಳ ಕೆಲಸವನ್ನು ನಿಶ್ಶೇಷವಾಗಿ ನಾಶಮಾಡಿಬಿಡುತ್ತದೆ. ಆದುದರಿಂದ ಕಾರಣವನ್ನು ಅರಿಯುವುದು ಕೇವಲ ಕುತೂಹಲದ ವಿಷಯವಲ್ಲ. ಮೇಲೆ ಹೇಳಿದ ತೊಡಕುಗಳೆಲ್ಲವೂ ಒಂದೇ ಬೇರಿನಿಂದ ಹುಟ್ಟಿದವು, ಆ ಬೇರು ‘ಕಡತ ಬೇರೆ, ಕಡತದ ಹೆಸರು ಬೇರೆ’ ಎಂಬ ವಿಭಾಗ, ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಲ್ಲಿ ಬರುವ ಆಜ್ಞೆಗಳನ್ನು ಉಚ್ಚಾರಣೆಗೆ ಅನುಸಾರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಯಂತ್ರಕ್ಕೆ ಕೊಡುವಾಗ ಅವುಗಳನ್ನು ರೋಮನ್ ಲಿಪಿಯಲ್ಲಿ ಬರೆಯತಕ್ಕದ್ದು.

೧. ವ್ಯವಸ್ಥೆಯ ಹಿನ್ನೆಲೆ

ಯೂನಿಕ್ಸ್ ವ್ಯವಸ್ಥೆ ರೂಪುಗೊಂಡದ್ದು ೧೯೬೯ರಲ್ಲಿ, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಮರ್ರೆ ಹಿಲ್ ಎಂಬಲ್ಲಿದ್ದ ಬೆಲ್ ಪ್ರಯೋಗಶಾಲೆಯಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಮುಖ್ಯ ಕರ್ತೃಗಳು. ಪಿಡಿಪಿ-೭ ಎಂಬ ಚಿಕ್ಕ ಯಂತ್ರದ ಮೇಲೆ ಅದು ಮೊದಲು ಓಡಿತು. ೧೯೭೩ರಲ್ಲಿ ಅದರ ತಿರುಳಾದ ಕರ್ನೆಲ್ ಭಾಗವನ್ನು ರಿಚಿಯವರು ರಚಿಸಿದ್ದ ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ೧೯೭೪ರಲ್ಲಿ ಇವರಿಬ್ಬರೂ ಸೇರಿ ಬರೆದ ಪ್ರಬಂಧದಿಂದ ವ್ಯವಸ್ಥೆಯ ವಿವರಗಳು ವಿದ್ವತ್ಪ್ರಪಂಚಕ್ಕೆ ತಿಳಿದುಬಂದವು. ಮುಂದೆ ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಪ್ರಾರಂಭಿಸಿದ ಲಿನಕ್ಸ್ ಎಂಬ ಕರ್ನೆಲ್ ಯೂನಿಕ್ಸಿನ ಒಂದು ಸಾಲನ್ನೂ ನಕಲುಮಾಡದೆ ಅದರ ನಡೆವಳಿಕೆಯನ್ನು ಅನುಸರಿಸಿತು. ಇಂದು ದೊಡ್ಡ ಗಣಕಕೇಂದ್ರಗಳ ಯಂತ್ರಗಳಲ್ಲಿಯೂ ಆಂಡ್ರಾಯ್ಡ್ ಫೋನುಗಳಲ್ಲಿಯೂ ಇರುವುದು ಲಿನಕ್ಸೇ. ಆದುದರಿಂದ ೧೯೬೯ರಲ್ಲಿ ಇಬ್ಬರು ಮೂವರು ಕುಳಿತು ಮಾಡಿದ ನಿರ್ಧಾರವೊಂದು ಇಂದು ಕೋಟ್ಯಂತರ ಜನರ ಕಡತಗಳ ಗತಿಯನ್ನು ನಿಯಮಿಸುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ.

ಆ ನಿರ್ಧಾರ ಯಾವುದೆಂಬುದು ಬೇರೊಂದು ಪದ್ಧತಿಯೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ೧೯೮೧ರಲ್ಲಿ ಬಂದ ಎಂಎಸ್-ಡಾಸ್ ವ್ಯವಸ್ಥೆಯಲ್ಲಿ ಡೈರೆಕ್ಟರಿಯ ಒಂದೊಂದು ನಮೂದಿನಲ್ಲಿಯೂ ಕಡತದ ಹೆಸರು, ಅದರ ಗಾತ್ರ, ಡಿಸ್ಕಿನಲ್ಲಿ ಅದು ಪ್ರಾರಂಭವಾಗುವ ಸ್ಥಾನ, ಇವೆಲ್ಲವೂ ಒಟ್ಟಿಗೆ ಇರುತ್ತಿದ್ದವು. ಅಲ್ಲಿ ನಮೂದನ್ನು ತೆಗೆದರೆ ಕಡತವನ್ನು ತೆಗೆದಂತೆ. ಯೂನಿಕ್ಸಿನವರು ಹಾಗೆ ಮಾಡಲಿಲ್ಲ.

೨. ಹೆಸರು, ಸಂಖ್ಯೆ, ವಸ್ತು

ಯೂನಿಕ್ಸಿನಲ್ಲಿ ಡೈರೆಕ್ಟರಿಯ ನಮೂದು ಎರಡೇ ಅಂಶಗಳಿಂದ ಆದದ್ದು: ಒಂದು ಹೆಸರು, ಒಂದು ಸಂಖ್ಯೆ. ೧೯೭೯ರ ಏಳನೆಯ ಆವೃತ್ತಿಯಲ್ಲಿ ಈ ನಮೂದಿಗೆ ೧೬ ಬೈಟುಗಳು. ಅವುಗಳಲ್ಲಿ ೨ ಸಂಖ್ಯೆಗೆ, ಉಳಿದ ೧೪ ಹೆಸರಿಗೆ ಮೀಸಲು. ಈ ಸಂಖ್ಯೆ ‘ಐನೋಡ್’ ಎಂಬ ದಾಖಲೆಯೊಂದನ್ನು ಸೂಚಿಸುತ್ತದೆ. ಕಡತದ ಒಡೆಯನಾರು, ಯಾರಿಗೆ ಯಾವ ಅನುಮತಿ, ಗಾತ್ರವೆಷ್ಟು, ಕಡೆಯ ಬಾರಿ ತಿದ್ದಿದ್ದು ಯಾವಾಗ, ಅದರ ವಿಷಯ ಡಿಸ್ಕಿನ ಯಾವ ಯಾವ ಭಾಗಗಳಲ್ಲಿದೆ ಎಂಬುದೆಲ್ಲವೂ ಐನೋಡಿನಲ್ಲಿ ಇರುತ್ತದೆ. ಅಲ್ಲಿ ಇಲ್ಲದೆ ಇರುವುದು ಕಡತದ ಹೆಸರು ಮಾತ್ರ. ‘ಎಲ್‌ಎಸ್’ ಎಂಬ ಆಜ್ಞೆಗೆ ‘ಐ’ ಎಂಬ ಆಯ್ಕೆಯನ್ನು ಕೂಡಿಸಿ ಕೊಟ್ಟರೆ ಪ್ರತಿಯೊಂದು ಹೆಸರಿನ ಮುಂದೆಯೂ ಈ ಸಂಖ್ಯೆಯನ್ನು ಕಾಣಬಹುದು.

ಗ್ರಂಥಾಲಯದ ದೃಷ್ಟಾಂತದಿಂದ ಇದನ್ನು ಸುಲಭವಾಗಿ ಗ್ರಹಿಸಬಹುದು. ಪುಸ್ತಕ ಕಪಾಟಿನಲ್ಲಿರುತ್ತದೆ; ಅದಕ್ಕೊಂದು ಪರಿಗ್ರಹಣ ಸಂಖ್ಯೆಯಿರುತ್ತದೆ. ಸೂಚಿಯ ಪೆಟ್ಟಿಗೆಯಲ್ಲಿರುವ ಚೀಟಿ ಆ ಸಂಖ್ಯೆಯನ್ನು ತಿಳಿಸುತ್ತದೆ. ಒಂದೇ ಪುಸ್ತಕಕ್ಕೆ ಕರ್ತೃವಿನ ಹೆಸರಿನಲ್ಲಿ ಒಂದು ಚೀಟಿ, ವಿಷಯದ ಹೆಸರಿನಲ್ಲಿ ಇನ್ನೊಂದು ಚೀಟಿ ಇರಬಹುದು. ಒಂದು ಚೀಟಿಯನ್ನು ಹರಿದುಹಾಕಿದರೆ ಪುಸ್ತಕ ಕಪಾಟಿನಿಂದ ಮಾಯವಾಗುವುದಿಲ್ಲ. ಹಾಗೆಯೇ ಯೂನಿಕ್ಸಿನಲ್ಲಿ ‘ಎಲ್‌ಎನ್’ ಎಂಬ ಆಜ್ಞೆಯಿಂದ ಒಂದೇ ಕಡತಕ್ಕೆ ಎರಡನೆಯ, ಮೂರನೆಯ ಹೆಸರನ್ನು ಇಡಬಹುದು. ಹೀಗೆ ಇಟ್ಟ ಹೆಸರುಗಳಲ್ಲಿ ಮೂಲವೆಂದೂ ನಕಲೆಂದೂ ಭೇದವಿಲ್ಲ, ಎಲ್ಲವೂ ಸಮಾನ. ತನಗೆ ಎಷ್ಟು ಹೆಸರುಗಳಿವೆಯೆಂಬ ಎಣಿಕೆಯನ್ನು ಐನೋಡ್ ಇಟ್ಟುಕೊಂಡಿರುತ್ತದೆ.

ಕಡತವನ್ನು ಅಳಿಸುವ ‘ಆರ್‌ಎಂ’ ಎಂಬ ಆಜ್ಞೆ ವಾಸ್ತವವಾಗಿ ಮಾಡುವುದೇನು? ಅದು ಕರ್ನೆಲಿಗೆ ಕೊಡುವ ಕರೆಯ ಹೆಸರು ‘ಅನ್‌ಲಿಂಕ್’, ಎಂದರೆ ಕೊಂಡಿಯನ್ನು ಕಳಚುವುದು. ಒಂದು ಚೀಟಿಯನ್ನು ತೆಗೆದು, ಎಣಿಕೆಯಲ್ಲಿ ಒಂದನ್ನು ಕಳೆಯುವುದಷ್ಟೇ ಅದರ ಕೆಲಸ. ಕನ್ನಡದಲ್ಲಿ ಕಡತವೆಂಬ ಶಬ್ದ ಹಿಂದೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದು ಮಡಿಸಿಡುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಸಲ್ಲುತ್ತಿತ್ತು. ಆ ಕಡತವನ್ನು ಅಳಿಸುವುದೆಂದರೆ ಅಕ್ಷರಗಳನ್ನೇ ಒರಸುವುದು. ಯೂನಿಕ್ಸಿನ ಅಳಿಸುವಿಕೆಯಲ್ಲಿ ಒಂದಕ್ಷರವನ್ನೂ ಯಾರೂ ಒರಸುವುದಿಲ್ಲ. ‘ಅಳಿಸು’ ಎಂಬ ನಮ್ಮ ಮಾತು ಇಲ್ಲಿ ಅರ್ಥವನ್ನು ತಪ್ಪಿಸುತ್ತದೆಂಬುದನ್ನು ವಾಚಕರು ಗಮನದಲ್ಲಿಡಬೇಕು.

ಹಾಗಾದರೆ ಕಡತ ನಿಜವಾಗಿ ಹೋಗುವುದು ಯಾವಾಗ? ಎರಡು ಷರತ್ತುಗಳು ಒಟ್ಟಿಗೆ ಪೂರೈಸಿದಾಗ. ಮೊದಲನೆಯದು, ಅದರ ಹೆಸರುಗಳ ಎಣಿಕೆ ಸೊನ್ನೆಗೆ ಇಳಿದಿರಬೇಕು. ಎರಡನೆಯದು, ಓಡುತ್ತಿರುವ ಯಾವ ಪ್ರೋಗ್ರಾಮೂ ಅದನ್ನು ತೆರೆದು ಹಿಡಿದಿರಬಾರದು. ಚೀಟಿಗಳೆಲ್ಲ ಹೋಗಿದ್ದರೂ ಓದುಗನೊಬ್ಬ ಪುಸ್ತಕವನ್ನು ಕೈಯಲ್ಲಿ ಹಿಡಿದು ಕುಳಿತಿರುವವರೆಗೆ ಅದನ್ನು ರದ್ದಿಗೆ ಹಾಕುವಂತಿಲ್ಲ. ಈ ಎರಡನೆಯ ಷರತ್ತೇ ನಮ್ಮ ಮೊದಲನೆಯ ಸಮಸ್ಯೆಯ ಕೀಲಿಕೈ.

೩. ಅಳಿಸಿದರೂ ತೆರವಾಗದ ಜಾಗ

ಸರ್ವರ್ ಯಂತ್ರದಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಮುಗಳು ತಮ್ಮ ವ್ಯವಹಾರವನ್ನೆಲ್ಲ ಲಾಗ್ ಎಂಬ ದಿನಚರಿಯ ಕಡತದಲ್ಲಿ ಬರೆಯುತ್ತಿರುತ್ತವೆ. ಆ ಕಡತ ಬೆಳೆದು ಡಿಸ್ಕು ತುಂಬುತ್ತದೆ. ಮೇಲ್ವಿಚಾರಕರು ಅದನ್ನು ಅಳಿಸುತ್ತಾರೆ. ಬಳಿಕ ‘ಡಿಎಫ್’ ಎಂಬ ಆಜ್ಞೆಯನ್ನು ಕೇಳಿದರೆ ಡಿಸ್ಕು ಇನ್ನೂ ತುಂಬಿಯೇ ಇದೆಯೆಂದು ಹೇಳುತ್ತದೆ. ‘ಡಿಯು’ ಎಂಬ ಆಜ್ಞೆಯಿಂದ ಡೈರೆಕ್ಟರಿಗಳನ್ನೆಲ್ಲ ಕೂಡಿಸಿ ನೋಡಿದರೆ ಅಷ್ಟು ಸಾಮಗ್ರಿ ಎಲ್ಲಿಯೂ ಕಾಣದು. ಎರಡು ಆಜ್ಞೆಗಳಲ್ಲಿ ಒಂದು ಸುಳ್ಳು ಹೇಳುತ್ತಿದೆಯೆಂದು ತೋರುವುದು ಸಹಜ. ವಾಸ್ತವವಾಗಿ ಎರಡೂ ನಿಜವನ್ನೇ ಹೇಳುತ್ತಿವೆ. ‘ಡಿಯು’ ಹೆಸರುಗಳ ಜಾಡನ್ನು ಹಿಡಿದು ನಡೆದು ಎಣಿಸುತ್ತದೆ. ‘ಡಿಎಫ್’ ಡಿಸ್ಕಿನ ಭಾಗಗಳಲ್ಲಿ ಎಷ್ಟು ಬಳಕೆಯಲ್ಲಿವೆಯೆಂದು ಕಡತವ್ಯವಸ್ಥೆಯನ್ನೇ ವಿಚಾರಿಸುತ್ತದೆ. ಹೆಸರನ್ನು ಕಳೆದುಕೊಂಡರೂ ಪ್ರೋಗ್ರಾಮಿನ ಹಿಡಿತದಲ್ಲಿ ಬದುಕಿರುವ ಕಡತ ಎರಡನೆಯ ಲೆಕ್ಕಕ್ಕೆ ಸಿಕ್ಕುತ್ತದೆ, ಮೊದಲನೆಯದಕ್ಕೆ ಸಿಕ್ಕುವುದಿಲ್ಲ. ಎರಡು ಲೆಕ್ಕಗಳ ನಡುವೆ ದೊಡ್ಡ ಅಂತರವಿದ್ದರೆ ಮೊದಲು ಶಂಕಿಸತಕ್ಕದ್ದು ಇಂಥ ಹೆಸರಿಲ್ಲದ ಕಡತವನ್ನೇ.

ಅದು ಯಾರ ಹಿಡಿತದಲ್ಲಿದೆಯೆಂದು ತಿಳಿಯಲು ‘ಎಲ್‌ಎಸ್‌ಓಎಫ್’ ಎಂಬ ಆಜ್ಞೆಯಿದೆ. ತೆರೆದಿರುವ ಕಡತಗಳಲ್ಲಿ ಹೆಸರಿನ ಎಣಿಕೆ ಒಂದಕ್ಕಿಂತ ಕಡಮೆಯಿರುವವನ್ನು ಮಾತ್ರ ಅದು ಆರಿಸಿ ತೋರಿಸಬಲ್ಲುದು. ಪ್ರೋಗ್ರಾಮನ್ನು ಪತ್ತೆಹಚ್ಚಿ, ಕಡತವನ್ನು ಮುಚ್ಚಿ ಮತ್ತೆ ತೆರೆಯುವಂತೆ ಅದಕ್ಕೆ ಸೂಚನೆ ಕೊಟ್ಟರೆ ಜಾಗ ಕೂಡಲೆ ತೆರವಾಗುತ್ತದೆ. ಲಾಗ್ ಕಡತ ಬೆಳೆದಿದ್ದರೆ ಅದನ್ನು ಅಳಿಸದೆ ಸೊನ್ನೆಯ ಗಾತ್ರಕ್ಕೆ ಮೊಟಕುಗೊಳಿಸುವುದೂ ಒಂದು ಕ್ರಮ. ಆದರೆ ಪ್ರೋಗ್ರಾಮು ಆ ಕಡತವನ್ನು ಕೊನೆಯಲ್ಲಿ ಸೇರಿಸುತ್ತ ಹೋಗುವ ರೀತಿಯಲ್ಲಿ ತೆರೆದಿರದಿದ್ದರೆ, ಅದು ಹಿಂದೆ ನಿಲ್ಲಿಸಿದ್ದ ದೂರದಿಂದಲೇ ಬರವಣಿಗೆಯನ್ನು ಮುಂದುವರಿಸುತ್ತದೆ. ಮುಂಭಾಗದಲ್ಲಿ ಜಾಗ ಹಿಡಿಯದ ಪೊಳ್ಳೊಂದು ಉಳಿದು, ಕಡತದ ಗಾತ್ರ ದೊಡ್ಡದಾಗಿಯೇ ಕಾಣುತ್ತದೆ.

ಇದೇ ನಿಯಮಕ್ಕೆ ಇನ್ನೊಂದು ಮುಖವಿದೆ. ಅದು ಹೆಚ್ಚು ಮಹತ್ತ್ವದ್ದು. ಸಂಶೋಧಕರೊಬ್ಬರು ತಿಂಗಳುಗಟ್ಟಲೆ ಸಂಗ್ರಹಿಸಿದ ಅಂಕಿಗಳ ಕಡತವನ್ನು ಕೈತಪ್ಪಿನಿಂದ ಅಳಿಸಿದರೆಂದು ಇಟ್ಟುಕೊಳ್ಳೋಣ. ಆ ಕ್ಷಣದಲ್ಲಿ ಪ್ರೋಗ್ರಾಮೊಂದು ಅದನ್ನು ತೆರೆದು ಹಿಡಿದಿದ್ದರೆ ಕಡತ ಇನ್ನೂ ಪೂರ್ಣವಾಗಿ ಇದೆ. ಹೋದದ್ದು ಹೆಸರು ಮಾತ್ರ. ಲಿನಕ್ಸಿನಲ್ಲಿ ‘ಪ್ರೊಕ್’ ಎಂಬ ಡೈರೆಕ್ಟರಿಯಲ್ಲಿ ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಅದರ ಕ್ರಮಾಂಕದ ಹೆಸರಿನ ಒಂದು ಉಪ-ಡೈರೆಕ್ಟರಿಯಿದೆ. ಅದರೊಳಗಿನ ‘ಎಫ್‌ಡಿ’ ಎಂಬಲ್ಲಿ ಆ ಪ್ರೋಗ್ರಾಮು ತೆರೆದಿರುವ ಕಡತಗಳೆಲ್ಲ ೦, ೧, ೨, ೩ ಎಂದು ಸಂಖ್ಯೆಗಳ ರೂಪದಲ್ಲಿ ಕಾಣುತ್ತವೆ; ಹೆಸರು ಕಳೆದುಕೊಂಡದ್ದರ ಮುಂದೆ ಅಳಿಸಲ್ಪಟ್ಟಿದೆಯೆಂಬ ಗುರುತೂ ಇರುತ್ತದೆ. ಅಲ್ಲಿಂದ ‘ಸಿಪಿ’ ಎಂಬ ಸಾಮಾನ್ಯ ನಕಲಿನ ಆಜ್ಞೆಯಿಂದ ಕಡತವನ್ನು ಹೊಸ ಹೆಸರಿಗೆ ಇಳಿಸಿಕೊಳ್ಳಬಹುದು. ವಿಶೇಷ ಸಲಕರಣೆ ಯಾವುದೂ ಬೇಡ.

ಆದರೆ ಗಾಬರಿಗೊಂಡು ಆ ಪ್ರೋಗ್ರಾಮನ್ನು ನಿಲ್ಲಿಸಿದರೆ, ಅಥವಾ ಯಂತ್ರವನ್ನೇ ಮತ್ತೆ ಹೊರಡಿಸಿದರೆ, ಕೊನೆಯ ಹಿಡಿತವೂ ಸಡಿಲುತ್ತದೆ. ಒಡನೆಯೇ ಕರ್ನೆಲ್ ಐನೋಡನ್ನೂ ಅದರ ಭಾಗಗಳನ್ನೂ ಬಿಡುಗಡೆ ಮಾಡಿಬಿಡುತ್ತದೆ. ಆಮೇಲೆ ಸಾಮಾನ್ಯ ಉಪಾಯಗಳಿಂದ ಅದನ್ನು ಮರಳಿ ಪಡೆಯುವುದು ದುಸ್ಸಾಧ್ಯ. ವಿದ್ಯುತ್ತು ಹಠಾತ್ತನೆ ನಿಂತರೂ ಗತಿ ಇದೇ: ಇಂಥ ಅನಾಥ ಐನೋಡುಗಳ ಪಟ್ಟಿಯೊಂದನ್ನು ಕಡತವ್ಯವಸ್ಥೆ ಇಟ್ಟುಕೊಂಡಿದ್ದು, ಮತ್ತೆ ಹೊರಟಾಗ ಮೊದಲು ಅವನ್ನು ಗುಡಿಸಿಹಾಕುತ್ತದೆ. ಆದುದರಿಂದ ಕೈತಪ್ಪಿ ಅಳಿಸಿದಾಗ ಪಾಲಿಸತಕ್ಕ ಪ್ರಥಮ ನಿಯಮ, ಓಡುತ್ತಿರುವುದನ್ನು ಓಡಲು ಬಿಡುವುದು.

೪. ಜಾಗವಿದ್ದರೂ ಜಾಗವಿಲ್ಲ

ಎರಡನೆಯ ಸಮಸ್ಯೆ ಇದರ ತಲೆಕೆಳಗಾದ ರೂಪ. ಅಲ್ಲಿ ಹೆಸರಿಲ್ಲದ ವಸ್ತು ಜಾಗವನ್ನು ಹಿಡಿದಿತ್ತು. ಇಲ್ಲಿ ಜಾಗವಿದ್ದರೂ ಹೊಸ ವಸ್ತುವಿಗೆ ಸಂಖ್ಯೆ ಸಿಕ್ಕುವುದಿಲ್ಲ. ಲಿನಕ್ಸಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ‘ಎಕ್ಸ್‌ಟ್ ೪’ ಎಂಬ ಕಡತವ್ಯವಸ್ಥೆಯಲ್ಲಿ ಐನೋಡುಗಳ ಸಂಖ್ಯೆ ಡಿಸ್ಕನ್ನು ಅಣಿಗೊಳಿಸುವಾಗಲೇ ಗೊತ್ತಾಗಿಹೋಗುತ್ತದೆ. ಬೇರೆ ಸೂಚನೆಯಿಲ್ಲದಿದ್ದರೆ ಸಾಮಾನ್ಯವಾಗಿ ೧೬,೩೮೪ ಬೈಟುಗಳಿಗೆ ಒಂದರಂತೆ ಐನೋಡುಗಳನ್ನು ಕಲ್ಪಿಸಲಾಗುತ್ತದೆ. ಹಾಗೆ ಲೆಕ್ಕಹಾಕಿದರೆ ೧೦೦ ಗಿಗಾಬೈಟುಗಳ ಡಿಸ್ಕಿಗೆ ಸುಮಾರು ೬೫ ಲಕ್ಷ ಐನೋಡುಗಳಾಗುತ್ತವೆ. ಕಡತಗಳು ಸರಾಸರಿ ೧೬ ಸಾವಿರ ಬೈಟಿಗಿಂತ ದೊಡ್ಡವಾಗಿದ್ದರೆ ಜಾಗ ಮೊದಲು ಮುಗಿಯುತ್ತದೆ; ಚಿಕ್ಕವಾಗಿದ್ದರೆ ಐನೋಡುಗಳು ಮೊದಲು ಮುಗಿಯಬಹುದು. ಅಂಚೆಯ ಒಂದೊಂದು ಪತ್ರವನ್ನೂ ಒಂದೊಂದು ಕಡತವಾಗಿ ಇಡುವ ಸರ್ವರ್‌ಗಳಲ್ಲಿ, ನಿಘಂಟಿನ ಒಂದೊಂದು ಉಲ್ಲೇಖವನ್ನೂ ಬೇರೆ ಬೇರೆ ಕಡತದಲ್ಲಿ ಇಟ್ಟ ಸಂಗ್ರಹಗಳಲ್ಲಿ ಹೀಗಾಗುವುದುಂಟು.

ಕರ್ನೆಲ್ ಎರಡೂ ಸಂದರ್ಭಗಳಲ್ಲಿ ಒಂದೇ ದೋಷಸೂಚನೆಯನ್ನು ಕೊಡುವುದೇ ಗೊಂದಲಕ್ಕೆ ಕಾರಣ. ‘ಡಿಎಫ್’ ಆಜ್ಞೆಯನ್ನು ‘ಐ’ ಆಯ್ಕೆಯೊಡನೆ ಕೇಳಿದರೆ ಜಾಗದ ಲೆಕ್ಕಕ್ಕೆ ಬದಲಾಗಿ ಐನೋಡುಗಳ ಲೆಕ್ಕ ದೊರೆತು ಸಂಶಯ ಪರಿಹಾರವಾಗುತ್ತದೆ. ಇಲ್ಲಿ ದೊಡ್ಡ ಕಡತಗಳನ್ನು ಹುಡುಕಿ ತೆಗೆಯುವುದು ವ್ಯರ್ಥ. ಒಂದು ದೊಡ್ಡ ಕಡತ ಹೋದರೆ ಒಂದೇ ಐನೋಡ್ ಬಿಡುಗಡೆಯಾಗುತ್ತದೆ. ಬೇಡವಾದ ಚಿಕ್ಕ ಕಡತಗಳನ್ನು ತೆಗೆಯಬೇಕು, ಇಲ್ಲವೆ ಅನೇಕವನ್ನು ಕಟ್ಟಿ ಒಂದಾಗಿ ಮಾಡಬೇಕು. ‘ಎಕ್ಸ್‌ಎಫ್‌ಎಸ್’ ಮೊದಲಾದ ವ್ಯವಸ್ಥೆಗಳಲ್ಲಿ ಐನೋಡುಗಳನ್ನು ಬೇಕಾದಂತೆಲ್ಲ ಹುಟ್ಟಿಸಿಕೊಳ್ಳುವ ಏರ್ಪಾಡು ಇರುವುದರಿಂದ ಅಲ್ಲಿ ಈ ತೊಡಕು ಅಪರೂಪ.

೫. ಅಳಿಸುವ ಅಧಿಕಾರ ಯಾರದು

ಕಡತದ ಮೇಲೆ ಬರೆಯುವ ಅನುಮತಿಯೇ ಇಲ್ಲದವರು ಅದನ್ನು ಅಳಿಸಿದ್ದು ಹೇಗೆ ಎಂಬ ಪ್ರಶ್ನೆಗೆ ಈಗ ಉತ್ತರ ತಾನಾಗಿಯೇ ಹೊಳೆಯುತ್ತದೆ. ಅಳಿಸುವುದೆಂದರೆ ಡೈರೆಕ್ಟರಿಯಿಂದ ಒಂದು ನಮೂದನ್ನು ತೆಗೆಯುವುದು. ಆ ಕ್ರಿಯೆಯಿಂದ ತಿದ್ದುಪಡಿಗೊಳ್ಳುವುದು ಡೈರೆಕ್ಟರಿ, ಕಡತದ ವಿಷಯವಲ್ಲ. ಆದುದರಿಂದ ಬೇಕಾದದ್ದು ಡೈರೆಕ್ಟರಿಯ ಮೇಲಿನ ಅನುಮತಿ. ಕಡತದ ಮೇಲೆ ಬರೆಯುವ ಅನುಮತಿಯಿಲ್ಲದಿದ್ದಾಗ ‘ಆರ್‌ಎಂ’ ಆಜ್ಞೆ ‘ಅಳಿಸಲೇ?’ ಎಂದು ಒಮ್ಮೆ ಕೇಳುವುದುಂಟು; ಅದು ಆ ಆಜ್ಞೆಯ ಸೌಜನ್ಯವೇ ಹೊರತು ಕರ್ನೆಲಿನ ನಿಷೇಧವಲ್ಲ. ಇದಕ್ಕೆ ವಿಲೋಮವಾಗಿ, ಕಡತವನ್ನು ಪೂರ್ತಿಯಾಗಿ ತಿದ್ದುವ ಅಧಿಕಾರವಿದ್ದವರಿಗೂ ಡೈರೆಕ್ಟರಿಯ ಮೇಲೆ ಅಧಿಕಾರವಿಲ್ಲದಿದ್ದರೆ ಅದನ್ನು ಅಳಿಸಲು ಬಾರದು.

ಹಲವರು ಸೇರಿ ಬಳಸುವ ಡೈರೆಕ್ಟರಿಗಳಲ್ಲಿ ಇದರಿಂದ ಅಪಾಯವುಂಟು. ಅದರ ನಿವಾರಣೆಗಾಗಿ ‘ಸ್ಟಿಕಿ’ ಎಂಬ ಗುರುತೊಂದನ್ನು ಡೈರೆಕ್ಟರಿಗೆ ಹಾಕಬಹುದು. ಹಾಗೆ ಹಾಕಿದಲ್ಲಿ ಕಡತದ ಒಡೆಯ, ಡೈರೆಕ್ಟರಿಯ ಒಡೆಯ, ವ್ಯವಸ್ಥೆಯ ಮೇಲಧಿಕಾರಿ, ಈ ಮೂವರಲ್ಲದೆ ಅನ್ಯರು ಹೆಸರನ್ನು ತೆಗೆಯಲಾರರು. ಎಲ್ಲರೂ ತಾತ್ಕಾಲಿಕ ಕಡತಗಳನ್ನು ಇಡುವ ‘ಟಿಎಂಪಿ’ ಡೈರೆಕ್ಟರಿಯ ಅನುಮತಿ ೧೭೭೭ ಎಂದಿರುವುದರಲ್ಲಿ ಮೊದಲನೆಯ ೧ ಈ ಗುರುತನ್ನೇ ಸೂಚಿಸುತ್ತದೆ. ವಿದ್ಯಾರ್ಥಿಗಳು ಒಟ್ಟಾಗಿ ಕೆಲಸ ಮಾಡುವ ಡೈರೆಕ್ಟರಿಗಳಿಗೂ ಇದನ್ನು ಹಾಕುವುದು ಮೇಲು.

೬. ಹೆಸರನ್ನು ಹಿಡಿದವರು, ವಸ್ತುವನ್ನು ಹಿಡಿದವರು

ಪ್ರೋಗ್ರಾಮು ಕಡತವನ್ನು ತೆರೆಯುವಾಗ ಒಮ್ಮೆ ಮಾತ್ರ ಹೆಸರನ್ನು ಬಳಸುತ್ತದೆ. ಆಮೇಲೆ ಅದರ ಸಂಬಂಧ ನೇರವಾಗಿ ವಸ್ತುವಿನೊಡನೆ. ಇದನ್ನು ಮರೆತರೆ ಇನ್ನೊಂದು ಬಗೆಯ ಗೊಂದಲ ಹುಟ್ಟುತ್ತದೆ. ಲಾಗ್ ಕಡತವೊಂದರ ಕೊನೆಯ ಸಾಲುಗಳನ್ನು ಬಂದಂತೆಲ್ಲ ತೋರಿಸುವ ‘ಟೇಲ್’ ಎಂಬ ಆಜ್ಞೆಗೆ ಸಣ್ಣ ‘ಎಫ್’ ಆಯ್ಕೆಯನ್ನು ಕೊಟ್ಟು ಕುಳಿತಿದ್ದೇವೆ. ನಡುರಾತ್ರಿಯಲ್ಲಿ ನಿಯಮದಂತೆ ಹಳೆಯ ಲಾಗ್ ಕಡತಕ್ಕೆ ಬೇರೆ ಹೆಸರಿಟ್ಟು, ಹಳೆಯ ಹೆಸರಿನಲ್ಲಿ ಹೊಸ ಕಡತವನ್ನು ತೆರೆಯುತ್ತಾರೆ. ಅಲ್ಲಿಂದ ಮುಂದೆ ನಮ್ಮ ಪರದೆ ಮೌನ. ಏಕೆಂದರೆ ನಾವು ಹಿಡಿದಿರುವುದು ಹಳೆಯ ವಸ್ತುವನ್ನು. ದೊಡ್ಡ ‘ಎಫ್’ ಆಯ್ಕೆಯನ್ನು ಕೊಟ್ಟರೆ ಅದೇ ಆಜ್ಞೆ ಹೆಸರನ್ನು ಅನುಸರಿಸುತ್ತದೆ. ಲಾಗ್ ಬರೆಯುವ ಪ್ರೋಗ್ರಾಮಿಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೆ ತಿಳಿಸದಿದ್ದರೆ ಹೆಸರು ಬದಲಾದ ಹಳೆಯ ಕಡತದಲ್ಲಿಯೇ ಬರೆಯುತ್ತ ಹೋಗುತ್ತದೆ.

ಪ್ರೋಗ್ರಾಮುಗಳನ್ನು ರಚಿಸುವವರು ಈ ಗುಣವನ್ನೇ ಉಪಕಾರಕ್ಕೆ ತಿರುಗಿಸಿಕೊಳ್ಳಬಹುದು. ಇರುವ ಕಡತವನ್ನು ತೆರೆದು, ಬರಿದುಮಾಡಿ, ಅದರಲ್ಲಿಯೇ ಹೊಸ ಪಾಠವನ್ನು ಬರೆಯಹೊರಟಾಗ ನಡುವೆ ವಿದ್ಯುತ್ತು ನಿಂತರೆ ಹಳೆಯ ಪಾಠವೂ ಇಲ್ಲ, ಹೊಸದೂ ಇಲ್ಲ. ಹಾಗೆ ಮಾಡದೆ, ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಹೆಸರಿನ ಕಡತವೊಂದನ್ನು ತೆರೆದು ಪೂರ್ತಿಯಾಗಿ ಬರೆದು, ‘ಎಫ್‌ಸಿಂಕ್’ ಎಂಬ ಕರೆಯಿಂದ ಅದು ಡಿಸ್ಕಿಗೆ ತಲುಪಿತೆಂದು ಖಚಿತಮಾಡಿಕೊಂಡು, ಬಳಿಕ ‘ರಿನೇಮ್’ ಎಂಬ ಕರೆಯಿಂದ ಅದಕ್ಕೆ ನಿಜವಾದ ಹೆಸರನ್ನು ಕೊಡಬೇಕು. ಈ ಕೊನೆಯ ಕ್ರಿಯೆ ಅವಿಭಾಜ್ಯವಾದದ್ದು. ನೋಡುವವರಿಗೆ ಆ ಹೆಸರಿನಲ್ಲಿ ಪೂರ್ಣವಾದ ಹಳೆಯದು ಸಿಕ್ಕುತ್ತದೆ, ಇಲ್ಲವೆ ಪೂರ್ಣವಾದ ಹೊಸದು. ಅರೆಬರೆಯಾದದ್ದು ಎಂದಿಗೂ ಸಿಕ್ಕದು. ತಾತ್ಕಾಲಿಕ ಕಡತವನ್ನು ಅದೇ ಡೈರೆಕ್ಟರಿಯಲ್ಲಿ ತೆರೆಯಬೇಕೆಂದದ್ದಕ್ಕೂ ಕಾರಣವುಂಟು. ಐನೋಡ್ ಸಂಖ್ಯೆಗಳು ಒಂದೊಂದು ಕಡತವ್ಯವಸ್ಥೆಗೂ ಪ್ರತ್ಯೇಕ. ಒಂದರಿಂದ ಇನ್ನೊಂದಕ್ಕೆ ಹೆಸರನ್ನು ಮಾತ್ರ ಸಾಗಿಸುವುದು ಅಸಾಧ್ಯ. ಅಂಥಲ್ಲಿ ‘ಎಂವಿ’ ಎಂಬ ಆಜ್ಞೆ ನಕಲುಮಾಡಿ ಮೂಲವನ್ನು ಅಳಿಸುತ್ತದೆ, ಅವಿಭಾಜ್ಯತೆ ಹೋಗುತ್ತದೆ.

೭. ಕನ್ನಡದ ಹೆಸರುಗಳು

ಕೊನೆಯ ಸಮಸ್ಯೆ ನಮ್ಮ ಭಾಷೆಗೆ ವಿಶೇಷವಾಗಿ ಸಂಬಂಧಿಸಿದ್ದು. ಕರ್ನೆಲಿನ ದೃಷ್ಟಿಯಲ್ಲಿ ಹೆಸರೆಂದರೆ ಅಕ್ಷರಗಳ ಸಾಲಲ್ಲ, ಬೈಟುಗಳ ಸಾಲು. ಓರೆಗೆರೆ ಮತ್ತು ಸೊನ್ನೆಯ ಬೈಟು, ಇವೆರಡರ ಹೊರತು ಯಾವ ಬೈಟಾದರೂ ಅದರಲ್ಲಿ ಬರಬಹುದು. ತೆರಪು, ಸಾಲು ಮುರಿಯುವ ಚಿಹ್ನೆ ಕೂಡ ಬರಬಹುದಾದ್ದರಿಂದಲೇ, ತೆರಪು ಕಂಡಲ್ಲಿ ಹೆಸರು ಮುಗಿಯಿತೆಂದು ಭಾವಿಸುವ ಪ್ರೋಗ್ರಾಮುಗಳು ಎಡವುತ್ತವೆ. ಹೆಸರಿನ ಉದ್ದಕ್ಕೆ ಸಾಮಾನ್ಯವಾಗಿರುವ ಮಿತಿ ೨೫೫ ಬೈಟುಗಳು. ಕನ್ನಡವನ್ನು ಬರೆಯಲು ಇಂದು ಬಳಕೆಯಲ್ಲಿರುವ ಯುಟಿಎಫ್-೮ ಎಂಬ ಸಂಕೇತಕ್ರಮವನ್ನು ೧೯೯೨ರಲ್ಲಿ ರೂಪಿಸಿದವರಲ್ಲಿ ಯೂನಿಕ್ಸಿನ ಥಾಂಪ್ಸನ್ ಅವರೇ ಒಬ್ಬರು; ರಾಬ್ ಪೈಕ್ ಇನ್ನೊಬ್ಬರು. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. ಎಂದಮೇಲೆ ಕನ್ನಡದ ಹೆಸರಿನಲ್ಲಿ ಹೆಚ್ಚೆಂದರೆ ೮೫ ಸಂಕೇತಗಳು ಹಿಡಿಸುತ್ತವೆ. ‘ಕರ್ನಾಟಕ’ ಎಂಬ ಒಂದು ಪದಕ್ಕೇ ೭ ಸಂಕೇತಗಳು, ೨೧ ಬೈಟುಗಳು. ಗ್ರಂಥದ ಪೂರ್ಣ ಶೀರ್ಷಿಕೆಯನ್ನು, ಕರ್ತೃವಿನ ಹೆಸರಿನೊಡನೆ, ಕಡತದ ಹೆಸರಾಗಿ ಇಡಹೋದವರಿಗೆ ಹೆಸರು ಅತಿ ಉದ್ದವೆಂಬ ಆಕ್ಷೇಪಣೆ ಬರುವುದು ಈ ಕಾರಣದಿಂದ.

ಇದಕ್ಕಿಂತಲೂ ಸೂಕ್ಷ್ಮವಾದದ್ದು ಒಂದೇ ಅಕ್ಷರವನ್ನು ಎರಡು ರೀತಿಯಲ್ಲಿ ಸಂಕೇತಿಸಬಹುದೆಂಬ ಸಂಗತಿ. ‘ಕೋ’ ಎಂಬುದನ್ನು ಕಕಾರ ಮತ್ತು ಓತ್ವ ಎಂಬ ೨ ಸಂಕೇತಗಳಿಂದ ಬರೆಯಬಹುದು. ಕಕಾರ, ಎತ್ವ, ಊತ್ವ, ದೀರ್ಘ ಎಂದು ಬಿಡಿಸಿ ೪ ಸಂಕೇತಗಳಿಂದಲೂ ಬರೆಯಬಹುದು. ಎರಡೂ ಸಮಾನವೆಂದೇ ಯೂನಿಕೋಡಿನ ನಿಯಮ. ಕನ್ನಡದ ಸ್ವರಚಿಹ್ನೆಗಳಲ್ಲಿ ಈತ್ವ, ಏತ್ವ, ಐತ್ವ, ಒತ್ವ, ಓತ್ವ ಈ ೫ಕ್ಕೂ ಹೀಗೆ ಬಿಡಿಸಿದ ರೂಪಗಳಿವೆ. ‘ಕೋಲಾರ’ ಎಂಬುದು ಕೂಡಿಸಿದ ರೂಪದಲ್ಲಿ ೧೫ ಬೈಟುಗಳು, ಬಿಡಿಸಿದ ರೂಪದಲ್ಲಿ ೨೧ ಬೈಟುಗಳು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಆದರೆ ಬೈಟುಗಳನ್ನು ಮಾತ್ರ ಬಲ್ಲ ಕರ್ನೆಲಿಗೆ ಅವು ಎರಡು ಬೇರೆ ಹೆಸರುಗಳು. ಎರಡೂ ಒಂದೇ ಡೈರೆಕ್ಟರಿಯಲ್ಲಿ ಅಕ್ಕಪಕ್ಕದಲ್ಲಿ ಇರಬಲ್ಲವು. ಆಪಲ್ ಸಂಸ್ಥೆಯ ಯಂತ್ರಗಳಲ್ಲಿ ೧೯೯೮ರಿಂದ ಬಹುಕಾಲ ಬಳಕೆಯಲ್ಲಿದ್ದ ‘ಎಚ್‌ಎಫ್‌ಎಸ್ ಪ್ಲಸ್’ ಎಂಬ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸಿಗೆ ಬಂದ ಕಡತಗಳ ಹೆಸರು ಬಿಡಿಸಿದ ರೂಪದಲ್ಲಿಯೇ ಉಳಿದಿರಬಹುದು. ಹುಡುಕುವವರು ಬೆರಳಚ್ಚಿಸುವುದು ಸಾಮಾನ್ಯವಾಗಿ ಕೂಡಿಸಿದ ರೂಪ.

ಇನ್ನು ಅರ್ಧಾಕ್ಷರ ಒತ್ತಾಗದಂತೆ ತಡೆಯಲು ಬಳಸುವ ಅಗಲವಿಲ್ಲದ ಅಜೋಡಕ ಎಂಬ ಅದೃಶ್ಯ ಸಂಕೇತವಿದೆ. ‘ರಾಜ್’ ಎಂಬುದರ ಕೊನೆಯಲ್ಲಿ ಅದು ಉಳಿದುಕೊಂಡಿದ್ದರೆ ಕಣ್ಣಿಗೆ ತಿಳಿಯುವುದಿಲ್ಲ. ಬೈಟುಗಳಲ್ಲಿ ಮಾತ್ರ ೩ ಹೆಚ್ಚಾಗಿರುತ್ತವೆ.

ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಕನ್ನಡದ ಹೆಸರುಗಳಿಂದ ಸಂಗ್ರಹಿಸಿಡುವ ಸಂಸ್ಥೆಗಳಿಗೆ ಇದು ಅಲ್ಪವಿಷಯವಲ್ಲ. ಇರುವ ಓಲೆಯ ಚಿತ್ರ ಇಲ್ಲವೆಂದು ಪಟ್ಟಿಯಲ್ಲಿ ದಾಖಲಾಗಬಹುದು. ಎರಡು ಸಂಗ್ರಹಗಳನ್ನು ಹೋಲಿಸುವಾಗ ಒಂದೇ ಪ್ರತಿ ಎರಡೆಂದು ಎಣಿಕೆಗೆ ಬರಬಹುದು. ಶಂಕೆ ಬಂದಾಗ ‘ಎಲ್‌ಎಸ್’ ಕೊಟ್ಟ ಪಟ್ಟಿಯನ್ನು ‘ಓಡಿ’ ಎಂಬ ಹಳೆಯ ಆಜ್ಞೆಗೆ ಒಪ್ಪಿಸಿದರೆ ಹೆಸರಿನ ಬೈಟುಗಳು ಒಂದೊಂದಾಗಿ ಹೊರಬೀಳುತ್ತವೆ. ‘ಕಾನ್ವ್‌ಎಂವಿ’ಎಂಬ ಉಪಕರಣದಿಂದ ಹೆಸರುಗಳನ್ನೆಲ್ಲ ಕೂಡಿಸಿದ ರೂಪಕ್ಕೆ ತರಬಹುದು. ಬೆರಳಚ್ಚಿಸಲು ಬಾರದ ಹೆಸರಿನ ಕಡತವನ್ನು ‘ಫೈಂಡ್’ ಎಂಬ ಆಜ್ಞೆಯಿಂದ ಐನೋಡ್ ಸಂಖ್ಯೆಯ ಮೂಲಕವೇ ಹಿಡಿಯಬಹುದು. ಹೆಸರು ಮೋಸಮಾಡಿದಲ್ಲಿ ಸಂಖ್ಯೆ ಕೈಹಿಡಿಯುತ್ತದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಪರಿಶೀಲನೆಯ ಕ್ರಮವೊಂದು ಏರ್ಪಡುತ್ತದೆ. ಕಡತಕ್ಕೆ ಸಂಬಂಧಿಸಿದ ತೊಡಕು ಎದುರಾದಾಗ ಮೊದಲು ಕೇಳಿಕೊಳ್ಳಬೇಕಾದದ್ದು, ತೊಂದರೆ ಇರುವುದು ಹೆಸರಿನಲ್ಲಿಯೋ, ಐನೋಡಿನಲ್ಲಿಯೋ, ವಿಷಯದಲ್ಲಿಯೋ ಎಂಬುದು. ಎರಡನೆಯದು, ಆ ವಸ್ತುವನ್ನು ಈ ಕ್ಷಣದಲ್ಲಿ ಯಾರು ಹಿಡಿದಿದ್ದಾರೆ ಎಂಬುದು. ಮೂರನೆಯದು, ನಾವು ಮಾಡಹೊರಟಿರುವ ಪರಿಹಾರದಿಂದ ಆ ಹಿಡಿತ ಸಡಿಲುವುದೇ ಎಂಬುದು. ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಯಂತ್ರವನ್ನು ನಿಲ್ಲಿಸುವುದಾಗಲಿ ಪ್ರೋಗ್ರಾಮನ್ನು ಕೊಲ್ಲುವುದಾಗಲಿ ಯುಕ್ತವಲ್ಲ. ಮೊದಲ ಎರಡಕ್ಕೆ ಬೇಕಾಗುವ ಆಜ್ಞೆಗಳು, ‘ಎಲ್‌ಎಸ್’, ‘ಡಿಎಫ್’, ‘ಡಿಯು’, ‘ಎಲ್‌ಎಸ್‌ಓಎಫ್’, ‘ಓಡಿ’, ನೋಡುವ ಆಜ್ಞೆಗಳೇ ಹೊರತು ಯಾವುದನ್ನೂ ಬದಲಾಯಿಸುವಂಥವಲ್ಲ. ಅವುಗಳನ್ನು ಎಷ್ಟು ಸಲ ಪ್ರಯೋಗಿಸಿದರೂ ಹಾನಿಯಿಲ್ಲ.

ಡಿಸ್ಕಿನ ದೋಷಗಳನ್ನು ತಿದ್ದುವ ‘ಎಫ್‌ಎಸ್‌ಸಿಕೆ’ ಎಂಬ ಪ್ರೋಗ್ರಾಮಿಗೆ ಕೆಲವೊಮ್ಮೆ ಯಾವ ಡೈರೆಕ್ಟರಿಯಲ್ಲಿಯೂ ಹೆಸರಿಲ್ಲದ, ಆದರೆ ವಿಷಯವಿರುವ ಐನೋಡ್ ಸಿಕ್ಕುವುದುಂಟು. ಆಗ ಅದು ಆ ಕಡತವನ್ನು ಎಸೆಯದೆ, ಕಳೆದು ಸಿಕ್ಕಿದವುಗಳಿಗಾಗಿ ಇರುವ ಪ್ರತ್ಯೇಕ ಡೈರೆಕ್ಟರಿಯಲ್ಲಿ ಇಟ್ಟು, ಬೇರೆ ಹೆಸರು ತಿಳಿಯದ್ದರಿಂದ ಐನೋಡ್ ಸಂಖ್ಯೆಯನ್ನೇ ಅದಕ್ಕೆ ಹೆಸರಾಗಿ ಕೊಡುತ್ತದೆ. ಹೆಸರು ಹೋದಮಾತ್ರಕ್ಕೆ ವಸ್ತು ಹೋಯಿತೆಂದು ಅದು ತೀರ್ಮಾನಿಸುವುದಿಲ್ಲ. ಈ ವ್ಯವಸ್ಥೆಗಳಲ್ಲಿ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳೂ ಅದೇ ಎಚ್ಚರವನ್ನು ಅಭ್ಯಾಸಮಾಡಿಕೊಂಡರೆ, ಕಳೆದುಹೋಯಿತೆಂದು ಕೈಬಿಡುವ ಎಷ್ಟೋ ಕೆಲಸ ಉಳಿದುಕೊಳ್ಳುತ್ತದೆ.